ಕರೆವ್ವನನ್ನು ಕೊಟ್ಟು ಕಳಿಸಿದ ದಾದೇಸಾಬ

ದಾದೇಸಾಬ ಸೈಕಲ್ಲನ್ನು ಎಲ್ಲೋ ನಿಲ್ಲಿಸಿ ಬರಿಗೈಯಲ್ಲಿ ನಡೆದು ಬರುವಾಗಲೂ ಅವನ ಎಡಗೈ ಎದೆಯ ಮುಂದೆ ಅರ್ಧ ಚಾಚಿಕೊಂಡು ಕಣ್ಣಿಗೆ ಕಾಣದ ಹ್ಯಾಂಡಲೊಂದನ್ನು ಹಿಡಿದಿರುತ್ತಿತ್ತು. ಬಲಗೈ ತುಸು ಹಿಂದೆ ಸರಿದು, ಇಲ್ಲದ ಹೊರೆಯೊಂದು ಜಾರದಂತೆ ಆನಿಸಿಕೊಂಡಿರುತ್ತಿತ್ತು. ಓಣಿಯ ತಿರುವಿನಲ್ಲಿ ಮೊದಲು ಅವನ ಮಣಿಕಟ್ಟು ತಿರುಗುತ್ತಿತ್ತು, ಆಮೇಲೆ ಭುಜ, ಎಲ್ಲಕ್ಕೂ ಕಡೆಗೆ ದೇಹ. ಹಾದಿಯಲ್ಲೊಂದು ಕಲ್ಲು ಬಿದ್ದಿದ್ದರೆ ತನಗಷ್ಟೇ ಅಲ್ಲ, ಪಕ್ಕದಲ್ಲಿಲ್ಲದ ಎರಡು ಗಾಲಿಗಳಿಗೂ ಸಾಲುವಷ್ಟು ಜಾಗ ಬಿಟ್ಟು ಸುತ್ತಿಕೊಂಡು ಬರುತ್ತಿದ್ದ. ಶುಕ್ರವಾರದ ನಮಾಜಿಗೆ ಹೋಗುವಾಗಲೂ ಇದೇ ನಡಿಗೆ. ಯಲಬುರ್ಗಿಯ ಜನ ಇದನ್ನು ಕಂಡು ಮರೆಯಲ್ಲಿ ನಗುತ್ತಿದ್ದರು. ನಾನಂತೂ ಅವನ ಎದುರಿಗೇ ನಗುತ್ತಿದ್ದೆ. ಅವನಿಗೆ ಅದರಿಂದ ಲವಲೇಶವೂ ಸಂಕೋಚವಿರಲಿಲ್ಲ. ರಾಜರು ಕಿರೀಟವಿಲ್ಲದಾಗಲೂ ತಲೆಯೆತ್ತಿ ನಡೆಯುವುದಿಲ್ಲವೇ ಎಂಬಂಥ ಗತ್ತು ಅವನದು.

ಅವನು ಬಳೆಗಾರ. ಬಳೆಗಾರರಲ್ಲಿ ಮೊದಲಿಗೆ ಸೈಕಲ್ಲು ಏರಿದವನು. ಅವನ ಅಪ್ಪನೂ ಅಜ್ಜನೂ ಮಲಾರವನ್ನು, ಅಂದರೆ ಹಗ್ಗಕ್ಕೆ ಪೋಣಿಸಿದ ಬಳೆಗಳ ಆ ದೊಡ್ಡ ಹೊರೆಯನ್ನು, ಬೆನ್ನಿಗೇರಿಸಿಕೊಂಡು ಯಲಬುರ್ಗಿಯಿಂದ ಕುಷ್ಟಗಿಯವರೆಗೂ ಕಾಲುನಡಿಗೆಯಲ್ಲಿ ಊರೂರು ಸುತ್ತಿದವರು. ದಾದೇಸಾಬ ಮಾತ್ರ ಕೊಪ್ಪಳದ ಸ್ಟೇಷನ್ನಿನಲ್ಲಿದ್ದ ರೈಲ್ವೆ ಗಾರ್ಡೊಬ್ಬ ವರ್ಗವಾಗಿ ಹೋಗುವಾಗ ಬಿಟ್ಟು ಹೋದ ವಿಲಾಯತಿ ಸೈಕಲ್ಲೊಂದನ್ನು ಕೊಂಡು ತಂದು, ಅದರ ಹಿಂದೆ ಮರದ ಪೆಟ್ಟಿಗೆ ಕಟ್ಟಿಸಿ, ಪೆಟ್ಟಿಗೆಯೊಳಗೆ ಹತ್ತಿ, ಹತ್ತಿಯ ಮೇಲೆ ಜೋಳದ ಹೊಟ್ಟು, ಹೊಟ್ಟಿನ ಮೇಲೆ ಬಳೆ ಎಂದು ಪದರು ಪದರಾಗಿ ಜೋಡಿಸಿ, ನಿಜಾಮಶಾಹಿಯ ಆ ಕಲ್ಲುಕೊರಕಲಿನ ಹಾದಿಗಳಲ್ಲಿ ಗಾಜನ್ನು ಸವಾರಿ ಮಾಡಿಸುವ ವಿದ್ಯೆಯನ್ನು ತಾನೇ ಕಂಡುಕೊಂಡಿದ್ದ. ಗದಗಿನಿಂದ ಸರಕು ತರುವಾಗ ಗಡಿಯ ಕರೋಡಗಿರಿ ನಾಕೆಯ ಸಿಪಾಯಿಗಳು ಸುಂಕದ ಸಾಮಾನು ತಪಾಸಣೆ ಮಾಡಬೇಕೆಂದು ಪೆಟ್ಟಿಗೆಗೆ ಕೈಹಾಕಿದರೆ, "ಸಾವಕಾಶ್ರೀ ಸರಕಾರ, ಒಳಗ ನಿಮ್ಮ ಅಕ್ಕತಂಗೇರ ಕೈ ಅದಾವ" ಎನ್ನುತ್ತಿದ್ದ. ಸಿಪಾಯಿಗಳು ಕೈ ಹಿಂತೆಗೆಯುತ್ತಿದ್ದರು.

ಮೂವತ್ತರ ದಶಕದ ನಡುವಿನಲ್ಲಿ ನಾನು ಮಂಗಳೂರಿನ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಿ ಸೀಮೆಯ ಎರೆಮಣ್ಣಿನ ಮಂಗಳೂರು. ಊರಿಗೆ ಬಂದಾಗ ದಾದೇಸಾಬ ತಳವೂರುತ್ತಿದ್ದುದು ನಮ್ಮ ಮನೆಯ ಕಟ್ಟೆಯಲ್ಲೇ. ಊರಬಾಗಿಲಾದ ಅಗಸಿಯ ಹೊರಗೇ ಸೈಕಲ್ಲಿನಿಂದ ಇಳಿದು, ಅಕ್ಕತಂಗಿಯರ ಊರನ್ನು ಎತ್ತರದಲ್ಲಿ ಕೂತು ಪ್ರವೇಶಿಸಬಾರದೆಂಬ ತನ್ನದೇ ಒಂದು ಶಾಸ್ತ್ರದಂತೆ ನಡೆದುಕೊಂಡೇ ಬಂದು, ಕಪ್ಪು ಆಲ್ಪಾಕಾ ಕೋಟಿನ ಧೂಳನ್ನು ನಾಲ್ಕು ಸಲ ಕೊಡವಿ ಕಟ್ಟೆಯೇರುತ್ತಿದ್ದ. ಆ ಕೋಟಿನ ಒಂದು ಗುಂಡಿಯೂ ಇನ್ನೊಂದರ ಬಳಗವಲ್ಲ. ಬೇಸಗೆಯಲ್ಲಿಯೂ ಅದನ್ನು ಕಳಚಿದ್ದನ್ನು ನಾನು ಕಂಡಿರಲಿಲ್ಲ. ಬೆವರು ಹರಿಯುತ್ತಿದ್ದರೂ "ಖರೆ ಹೇಳ್ತೀನ್ರಿ ಮಾಸ್ತರ, ಒಳಗ ಭಾಳ ತಂಪೈತಿ" ಎನ್ನುವವನು. ಖರೆ ಹೇಳ್ತೀನಿ ಎಂದು ಅವನು ಆರಂಭಿಸಿದನೆಂದರೆ ಮುಂದೆ ಬರುವ ಮಾತಿಗೆ ಸಾಕಷ್ಟು ಅಲಂಕಾರ ತೊಡಿಸಲಾಗಿದೆ ಎಂದೇ ಅರ್ಥ. ನಿಜವಾದ ನಿಜವನ್ನು ಅವನು ಯಾವ ಪೀಠಿಕೆಯೂ ಇಲ್ಲದೆ, ನೆಲ ನೋಡುತ್ತ ಹೇಳುತ್ತಿದ್ದ.

ಬಳೆ ತೊಡಿಸುವಾಗ ಅವನನ್ನು ನೋಡಬೇಕಿತ್ತು. ಕೈ ಅವನ ಕೈಯಲ್ಲಿ, ಕಣ್ಣು ಮಾತ್ರ ಎದುರಿನ ಬೇವಿನ ಮರದ ಮೇಲೆ. ಬೆರಳ ಗೆಣ್ಣುಗಳನ್ನು ಒತ್ತಿ ಮೆತ್ತಗೆ ಮಾಡುತ್ತ, "ನಿಮ್ಮವ್ವ ಈ ಸಲ ಸಂಡಿಗಿ ಇಟ್ಟಾಳ, ನಿನ್ನ ಪಾಲಿಂದು ತಗದ ಇಟ್ಟಾಳ" ಎಂದು ತವರಿನ ಸುದ್ದಿ ಆರಂಭಿಸುತ್ತಿದ್ದ. ಸುದ್ದಿ ಮುಗಿಯುವಷ್ಟರಲ್ಲಿ ಕೈತುಂಬ ಬಳೆ. ತವರಿಗೂ ಗಂಡನ ಮನೆಗೂ ನಡುವೆ ಮಾತು ಹೊತ್ತು ತಿರುಗುವ ಅಣ್ಣ ಅವನು. ಬಳೆ ತೊಟ್ಟಾದ ಮೇಲೆ ಮಲಾರಕ್ಕೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿಯುವುದು ನಮ್ಮ ಹೆಂಗಸರ ಪದ್ಧತಿ. ಮಲಾರ ಸೈಕಲ್ಲನ್ನೇರಿದ ಮೇಲೆ ಕುಂಕುಮವೂ ಸೈಕಲ್ಲನ್ನೇರಿತು: ಮೊದಲು ಪೆಟ್ಟಿಗೆಗೆ, ಆಮೇಲೆ ಹ್ಯಾಂಡಲಿಗೆ, ಕಡೆಗೆ ಮುಂದಿನ ದೀಪದ ಗುಂಡುಮುಖಕ್ಕೆ. ಕಪ್ಪುಬಣ್ಣದ ಆ ವಿಲಾಯತಿ ಯಂತ್ರ ಹಣೆಯ ತುಂಬ ಕುಂಕುಮ ಮೆತ್ತಿಕೊಂಡು ನಮ್ಮ ಕಟ್ಟೆಗೆ ಒರಗಿ ನಿಂತರೆ ಯಾರ ಮನೆಯವಳೋ ನೀರಿಗೆ ಹೊರಟು ಮಾತಿಗೆ ನಿಂತ ಹಾಗೆ ಕಾಣುತ್ತಿತ್ತು. ಅದಕ್ಕೆ ಕರೆವ್ವ ಎಂದು ಹೆಸರಿಟ್ಟವಳು ನನ್ನ ತಾಯಿ ಕಳಕಮ್ಮ. ದಾದೇಸಾಬ ಆ ಕುಂಕುಮವನ್ನು ಎಂದೂ ಒರೆಸಲಿಲ್ಲ. ಯಲಬುರ್ಗಿಯ ಅವನ ಮನೆಯಲ್ಲಿ ಹೆಂಡತಿ ಕಾಸೀಮಬೀ ಗುರುವಾರಕ್ಕೊಮ್ಮೆ ಲೋಬಾನ ಹಾಕುವಾಗ ಕರೆವ್ವನಿಗೂ ಹೊಗೆ ತೋರಿಸುತ್ತಿದ್ದಳಂತೆ. ಎರಡೂ ಮತದ ಗೌರವ ಪಡೆದ ಸೈಕಲ್ಲು ಈ ಸೀಮೆಯಲ್ಲಿ ಅದೊಂದೇ ಇರಬೇಕು.

ಆದರೆ ಕಬ್ಬಿಣಕ್ಕೂ ಮುಪ್ಪು ಬರುತ್ತದೆ. ಕರೆವ್ವನ ಮುಂದಿನ ಗಾಲಿಯನ್ನು ಹಿಡಿದ ಕವಲು ಮೊದಲು ಕಿರಗುಟ್ಟಿತು, ಆಮೇಲೆ ನಡುಗಹತ್ತಿತು. ಕುಕನೂರಿನ ಕಮ್ಮಾರ ದುರುಗಪ್ಪ ಅದನ್ನು ಕಾಯಿಸಿ ಬಡಿದು ಕಟ್ಟು ಹಾಕಿಕೊಟ್ಟು, "ಒಂಟಿ ಆಳನ್ನ ಇನ್ನೂ ಇಪ್ಪತ್ತ ವರ್ಷ ಹೊರತೈತಿ. ಆದ್ರ ಗಾಜಿನ ಹೊರಿ ಇದಕ್ಕ ಸಲ್ಲೂದಿಲ್ಲ ದಾದೇಸಾಬ, ನಡುಕ ಹೋಗಂಗಿಲ್ಲ" ಎಂದ. ದಾದೇಸಾಬ ಅವನ ಜೊತೆ ಆ ದಿನವೆಲ್ಲ ಮಾತು ಬಿಟ್ಟ. ವೈದ್ಯನ ಮೇಲೆ ಸಿಟ್ಟಾಗುವ ಮನೆಮಂದಿಯನ್ನು ನಾವೆಲ್ಲ ಕಂಡಿದ್ದೇವೆ.

ಶ್ರಾವಣದಲ್ಲಿ ನನ್ನ ತಂಗಿ ಗುರುಲಿಂಗಮ್ಮನ ಕುಬಸ ಬಂತು. ಚೊಚ್ಚಲ ಬಸಿರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹಸಿರು ಕುಬಸದ ಬಟ್ಟೆ ಕೊಡುವ ಮಂಗಳಕಾರ್ಯ. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ನೆರೆದಿದ್ದರು. ದಾದೇಸಾಬ ಯಲಬುರ್ಗಿಯಿಂದ ಬಂದು, ಕೋಟು ಕೊಡವಿ, ಠೀವಿಯಿಂದ ಪೆಟ್ಟಿಗೆ ಬಿಚ್ಚಿದ. ಒಳಗೆ ಬಳೆಗಳಿರಲಿಲ್ಲ, ಹತ್ತಿಯ ಮೇಲೆ ಹಸಿರು ಚೂರುಗಳ ರಾಶಿಯಿತ್ತು. ನಮ್ಮ ಹೆಂಗಸರು ಬಳೆ ಒಡೆಯಿತು ಎಂದು ಬಾಯಿಬಿಟ್ಟು ಹೇಳುವವರಲ್ಲ, ಹೆಚ್ಚಿತು ಎನ್ನುತ್ತಾರೆ. ಅಂದು ಅದನ್ನೂ ಯಾರೂ ಹೇಳಲಿಲ್ಲ. ಬಸುರಿಯ ಚಾಚಿದ ಕೈ ಚಾಚಿದ ಹಾಗೆಯೇ ಉಳಿಯಿತು. ಕಡೆಗೆ ನನ್ನ ತಾಯಿಯೇ, "ಹೆಚ್ಚ್ಯಾವ ತಗೋ ದಾದೇಸಾಬ, ಹೆಚ್ಚಲಿ, ಛಲೋನ ಆತು" ಎಂದಳು.

ದಾದೇಸಾಬ ಪೆಟ್ಟಿಗೆ ಮುಚ್ಚಿದ. ಕರೆವ್ವನನ್ನು ನಮ್ಮ ಗೋಡೆಗೆ ಬಿಟ್ಟು, ಅಪ್ಪನಂತೆ ಅಜ್ಜನಂತೆ ಕಾಲುನಡಿಗೆಯಲ್ಲಿ ಕುಕನೂರಿಗೆ ಹೋಗಿ, ಅಲ್ಲಿ ತನ್ನ ಬಳಗದವರ ಮನೆಯಿಂದ ಹಸಿರು ಬಳೆಗಳನ್ನು ತಂದು, ದೀಪ ಹಚ್ಚುವ ಹೊತ್ತಿಗೆ ಗುರುಲಿಂಗಮ್ಮನ ಎರಡೂ ಕೈ ತುಂಬಿಸಿದ. ಕುಬಸ ಸಾಂಗವಾಯಿತು. ಹೊರಡುವಾಗ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತು, ಪೀಠಿಕೆಯಿಲ್ಲದೆ, ನೆಲ ನೋಡುತ್ತ ಹೇಳಿದ:

"ಇನ್ನೊಂದ ಸಲ ಹಿಂಗಾದ್ರ ನನ್ನ ಮುಂದ ಯಾರೂ ಕೈ ಚಾಚಂಗಿಲ್ರಿ ಮಾಸ್ತರ."

ಅದೊಂದೇ ಮಾತಿನಲ್ಲಿ ಅವನ ಸಂಕಟವೆಲ್ಲ ಇತ್ತು. ಬಳೆಗಾರನ ಬಾಳು ನಿಂತಿರುವುದು ಚಾಚಿದ ಕೈಗಳ ಮೇಲೆ. ಕರೆವ್ವನನ್ನು ಇಟ್ಟುಕೊಂಡರೆ ಆ ಕೈಗಳು ಹೋಗುತ್ತವೆ. ಆ ಕೈಗಳೇ ಕುಂಕುಮವಿಟ್ಟು ಸಾಕಿದ ಕರೆವ್ವನನ್ನು ಬಿಡುವುದು ಹೇಗೆ?

ಕೊಪ್ಪಳದ ಪೇಟೆಯಲ್ಲಿ ಹಂಪಣ್ಣ ಎಂಬ ವರ್ತಕ ಆಗಷ್ಟೇ ಸೈಕಲ್ಲಿನ ಅಂಗಡಿ ತೆರೆದಿದ್ದ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ನಾಲಗೆಯ ಮೇಲೆ ಸದಾ ಬೆಲ್ಲ. ಹುಬ್ಬಳ್ಳಿಯಿಂದ ತರಿಸಿದ ಹೊಸ ಹಸಿರು ಸೈಕಲ್ಲೊಂದನ್ನು ದಾದೇಸಾಬನ ಮುಂದೆ ನಿಲ್ಲಿಸಿದ. ಕೂರುವಲ್ಲಿ ಸ್ಪ್ರಿಂಗು, ಗಾಲಿಗೆ ತಿಕ್ಕಿದರೆ ತಾನೇ ಉರಿಯುವ ದೀಪ, ಆನೆಯ ಮರಿಯನ್ನೂ ಹೊರಬಲ್ಲ ಕ್ಯಾರಿಯರ್. "ಹುಣ್ಣಿವಿತನಾ ಓಡಿಸಿ ನೋಡ್ರಿ ದಾದೇಸಾಬ. ಮನಸಿಗೆ ಬಂದ್ರ ಹಳೇದನ್ನ ತಂದ ಬಿಡ್ರಿ, ಇದನ್ನ ಒಯ್ರಿ. ಬರದಿದ್ರ ಇದನ್ನ ತಂದ ಬಿಡ್ರಿ. ನಮ್ಮ ನಿಮ್ಮ ನಡುವ ಏನೈತಿ?" ಹಳೆಯದನ್ನು ಏನು ಮಾಡುವಿರಿ ಎಂದು ಇವನು ಕೇಳಿದನಂತೆ. "ಕಚೇರಿ ಮಂದಿಗೆ ತಾಸಿನ ಬಾಡಿಗಿಗೆ ಬಿಡತೀನಿ. ಯಾರ ಬೇಕಾದ್ರೂ ಓಡಿಸ್ಲಿ, ಎಲ್ಲಿ ಬೇಕಾದ್ರೂ ಒಯ್ಲಿ." ಆ ಮಾತು ದಾದೇಸಾಬನ ಕಿವಿಯಲ್ಲಿ ಮುಳ್ಳಾಗಿ ಉಳಿಯಿತು.

ಹಸಿರು ಸೈಕಲ್ಲು ನಮ್ಮೂರಿಗೆ ಮೊದಲ ಸಲ ಬಂದ ದಿನ ಪೆಟ್ಟಿಗೆ ಬಿಚ್ಚಿದರೆ ಒಂದೇ ಒಂದು ಬಳೆಯೂ ಕದಲಿರಲಿಲ್ಲ. ದಾದೇಸಾಬನ ಮುಖ ಅರಳಿತು. ಅದೇ ಹೊತ್ತಿಗೆ ನನ್ನ ತಾಯಿ ಒಳಗಿಂದ ಬಂದು, ಸೊಂಟದ ಮೇಲೆ ಕೈಯಿಟ್ಟು, ಹಸಿರು ಸೈಕಲ್ಲನ್ನು ಗಾಲಿಯಿಂದ ಗಂಟೆಯವರೆಗೆ ಅಳೆದು ನೋಡಿ, "ಅಯ್ಯ, ಕರೆವ್ವಗ ಸವತಿನ ತಂದೆಲ್ಲೋ ದಾದೇಸಾಬ!" ಎಂದಳು. ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ತಮಾಷೆಗೆ ಆಡಿದ ಮಾತು. ಆದರೆ ನನ್ನ ತಾಯಿಯ ತಮಾಷೆಗೆ ಕಾಲುಗಳಿದ್ದವು. ಅದು ಆ ವಾರದೊಳಗೆ ಕುಕನೂರು ದಾಟಿ ಯಲಬುರ್ಗಿ ಸೇರಿ ಕುಷ್ಟಗಿಯನ್ನೂ ಮುಟ್ಟಿತು. ಹೋದಲ್ಲೆಲ್ಲ ಹೆಂಗಸರು ಬಳೆಯನ್ನೇನೋ ತೊಟ್ಟರು, ಕುಂಕುಮದ ಬಟ್ಟಲನ್ನು ಮಾತ್ರ ಹೊರಗೆ ತರಲಿಲ್ಲ. ಸವತಿಗೆ ಯಾರು ಹಣೆ ತೋರಿಸು ಎನ್ನುತ್ತಾರೆ? ಕೆಲವೆಡೆ ಪೆಟ್ಟಿಗೆಯನ್ನು ಕೆಳಗಿಳಿಸಿ ಅದಕ್ಕಷ್ಟೇ ಕೈಮುಗಿದರು. ಒಂದೆರಡು ಮನೆಗಳಲ್ಲಿ ಮದುವಣಗಿತ್ತಿಯರು ಕೈ ಚಾಚಲಿಕ್ಕೇ ಅಂಜಿದರು. ಹಸಿರು ಸೈಕಲ್ಲು ಬಳೆಗಳನ್ನು ಉಳಿಸಿತ್ತು, ಕೈಗಳನ್ನು ಹಿಂದೆಗೆಸಿತ್ತು.

ಆ ಪಕ್ಷದಲ್ಲಿ ದಾದೇಸಾಬ ಬಡವಾದ. ಒಂದು ವಾರ ಕರೆವ್ವ ನಮ್ಮ ಗೋಡೆಗೆ, ಹಸಿರು ಅವನ ಕೈಗೆ, ಮರುವಾರ ಅದಲುಬದಲು. ಕಂಡವರನ್ನೆಲ್ಲ ಕೇಳಿದ. ಕಾಸೀಮಬೀಯನ್ನು ಕೇಳಿದರೆ, "ಹಳೇದನ್ನ ಬಿಟ್ಟ ಬಂದ್ರ ಮನ್ಯಾಗ ಕಾಲಿಡಬ್ಯಾಡ. ಹೊಸಾದನ್ನ ಬಿಟ್ಟ ಬಂದ್ರ ಉಣ್ಣಾಕ ಕೇಳಬ್ಯಾಡ" ಎಂದು ಎರಡೂ ಬಾಗಿಲನ್ನು ಒಟ್ಟಿಗೆ ಮುಚ್ಚಿದಳು. ನನ್ನನ್ನು ಕೇಳಿದ. ನಾನು ಮಾಸ್ತರನಲ್ಲವೇ, ಉಪಯುಕ್ತತೆಯ ವಿಷಯವಾಗಿ, ವಸ್ತುಗಳ ನಶ್ವರತೆಯ ವಿಷಯವಾಗಿ, ಭಾವನೆ ಮತ್ತು ವಿವೇಕಗಳ ತಾರತಮ್ಯದ ವಿಷಯವಾಗಿ ಒಂದು ದೀರ್ಘ ಭಾಷಣ ಮಾಡಿ, ಹಸಿರೇ ಯೋಗ್ಯವೆಂದು ಸಿದ್ಧಾಂತ ಮಂಡಿಸಿದೆ. ಅವನು ತಲೆದೂಗುತ್ತ ಪೂರ್ತಿ ಕೇಳಿದ.

"ನೀವು ಹೇಳೂದು ಖರೇನ ಐತ್ರಿ ಮಾಸ್ತರ. ಅದ್ರ ಕೂಡ ನಾ ಏನ ಮಾಡ್ಲಿ, ತಿಳೀವಲ್ದು."

ಹುಣ್ಣಿಮೆಗೆ ಎರಡು ದಿನ ಉಳಿದಾಗ ಬೆಳಗಿನಲ್ಲೇ ಕರೆವ್ವನ ಮೇಲೆ ಬಂದ. ಹ್ಯಾಂಡಲಿಗೆ ಕಾಸೀಮಬೀ ಕಟ್ಟಿದ ಮಲ್ಲಿಗೆಯ ದಂಡೆಯಿತ್ತು. ಹಸಿರು ನಮ್ಮ ಗೋಡೆಗೆ ನಿಂತಿತ್ತು. ಕಟ್ಟೆಯ ಕೆಳಗೇ ನಿಂತು, ಕೋಟು ಕೊಡವುವುದನ್ನೂ ಮರೆತು, ನನ್ನ ತಾಯಿಗೆ ಹೇಳಿದ: "ಯಕ್ಕಾ, ಇವತ್ತ ಕರೆವ್ವನ ಕೊಪ್ಪಳಕ್ಕ ಬಿಟ್ಟ ಬರತೀನಿ. ಗುರುಲಿಂಗಿ ಕೈ ನೋಡಿದ ಮ್ಯಾಲ ನನಗ ಬ್ಯಾರೆ ಹಾದಿ ಇಲ್ಲ."

ನನ್ನ ತಾಯಿ ಕಾಳು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟಳು. ತನ್ನ ತಮಾಷೆ ಈ ಮನುಷ್ಯನಿಗೆ ಎಷ್ಟು ದುಬಾರಿಯಾಯಿತೆಂಬುದು ಅವಳಿಗೆ ಆ ಹೊತ್ತಿಗೆ ತಿಳಿದಿತ್ತು ಎಂದು ನನ್ನ ಎಣಿಕೆ. ಒಂದು ಸಲ ಕರೆವ್ವನನ್ನು ನೋಡಿದಳು, ಒಂದು ಸಲ ಹಸಿರನ್ನು. ಆಮೇಲೆ ಅವಳ ಮುಖದಲ್ಲಿ ನಾನು ಬಲ್ಲ ಒಂದು ಬೆಳಕು ಬಂತು; ಕೋರ್ಟಿನಲ್ಲಿ ಹುಟ್ಟಬೇಕಾಗಿದ್ದ ಬೆಳಕು.

"ಬಿಟ್ಟ ಬರತೀನಿ ಅಂದ್ರೇನೋ? ಇಷ್ಟ ವರ್ಷ ನಮ್ಮ ಕೈಲೆ ಕುಂಕುಮ ಹಚ್ಚಿಸ್ಕೊಂಡಾಕಿ ಆಕಿ. ಹಂಪಣ್ಣನ ಮನಿಗೆ ನಾವು ಮಗಳ್ನ ಕೊಡತೀವಿ, ಅವರ ಮನಿಯಿಂದ ಹೆಣ್ಣ ತರತೀವಿ. ಇದು ಸವತಿ ಅಲ್ಲೋ ದಾದೇಸಾಬ, ಸಾಟಿ!"

ನಮ್ಮ ಕಡೆ ಸಾಟಿ ಸಂಬಂಧ ಎಂದರೆ ಎಲ್ಲರೂ ಬಲ್ಲರು. ಮಗಳನ್ನು ಕೊಟ್ಟ ಮನೆಯಿಂದಲೇ ಸೊಸೆಯನ್ನು ತರುವುದು. ಒಂದೇ ಚಪ್ಪರದಲ್ಲಿ ಎರಡು ಮದುವೆ. ಅಲ್ಲಿ ನಿಮ್ಮ ಮಗಳನ್ನು ಹೇಗೆ ನಡೆಸಿಕೊಳ್ಳುತ್ತಾರೋ ಇಲ್ಲಿ ಅವರ ಮಗಳಿಗೂ ಅದೇ ಉಪಚಾರ, ಹೀಗಾಗಿ ಎರಡೂ ಮನೆಗಳು ಎಚ್ಚರದಿಂದಿರುತ್ತವೆ. ಕಳಕಮ್ಮನ ಬಾಯಿಂದ ಆ ಶಬ್ದ ಹೊರಬಿದ್ದದ್ದೇ ತಡ, ಓಣಿಯ ಹೆಂಗಸರ ಎದೆಯ ಮೇಲಿನ ಕಲ್ಲು ಜಾರಿತು. ಅಕ್ಕಿ ಬಂತು, ಕೊಬ್ಬರಿ ಬಟ್ಟಲು ಬಂತು, ಅರಿಷಿಣದ ಕೊಂಬು, ಎಲೆ ಅಡಿಕೆ ಬಂದವು; ಗಂಡನ ಮನೆಗೆ ಹೊರಟ ಮಗಳ ಉಡಿ, ಅಂದರೆ ಮಡಿಲು, ತುಂಬುವ ಸಾಮಾನು.

"ಸೈಕಲ್ಲಿಗೆ ಉಡಿ ಎಲ್ಲೈತಿ ಯಕ್ಕಾ?" ಎಂದು ದಾದೇಸಾಬ ಕಕ್ಕಾಬಿಕ್ಕಿಯಾಗಿ ಕೇಳಿದ.

"ನಿನಗ್ಯಾಕ ಹೆಂಗಸರ ಕೆಲಸ? ಸುಮ್ಮ ನಿಂದ್ರು" ಎಂದ ನನ್ನ ತಾಯಿ ಗುಳೇದಗುಡ್ಡದ ಹೊಸ ಕುಬಸದ ಖಣವೊಂದನ್ನು ಹ್ಯಾಂಡಲಿಗೂ ನಡುವಿನ ಕಂಬಿಗೂ ಜೋಳಿಗೆಯಂತೆ ಕಟ್ಟಿ, ಐದು ಮಂದಿ ಮುತ್ತೈದೆಯರಿಂದ ಕರೆವ್ವನ ಉಡಿ ತುಂಬಿಸಿದಳು. ತುಂಬು ಬಸುರಿ ಗುರುಲಿಂಗಮ್ಮ ದೀಪದ ಮುಖಕ್ಕೆ ಹೊಸ ಕುಂಕುಮವಿಟ್ಟು, ಹಳೆಯ ಗೆಳತಿಯ ಗದ್ದ ಹಿಡಿದಂತೆ ಗಂಟೆಯನ್ನು ಮುಟ್ಟಿದಳು. ದಾದೇಸಾಬ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುತ್ತಲೇ, "ಖರೆ ಹೇಳ್ತೀನಿ, ಧೂಳ ಬಿತ್ತು" ಎಂದ.

ಹೆಣ್ಣನ್ನು ಒಬ್ಬನೇ ಒಯ್ಯಬಾರದು, ಮನೆಯ ಕಡೆಯವರೊಬ್ಬರು ಜೊತೆಗಿರಬೇಕೆಂದು ನನಗೆ ಅಪ್ಪಣೆಯಾಯಿತು. ಸಾಲೆಗೆ ರಜೆ ಕೊಟ್ಟು, ನಾನು ಹಸಿರು ಸೈಕಲ್ಲನ್ನು ಏರಿ, ಅವನು ಕರೆವ್ವನನ್ನು ಏರಿ ಹೊರಟೆವು. ಹಂಪಣ್ಣನಿಗೆ ಹೇಳಬೇಕಾದ ಮಾತನ್ನು ನನ್ನ ತಾಯಿ ನನಗೆ ಕಂಠಪಾಠ ಮಾಡಿಸಿ ಕಳಿಸಿದ್ದಳು.

ಆ ಪ್ರಯಾಣವನ್ನು ನಾನು ಸಾಯುವತನಕ ಮರೆಯಲಾರೆ. ಸುದ್ದಿ ನಮಗಿಂತ ಮುಂದೆ ಓಡಿತ್ತು. ಬಹುಶಃ ನಮ್ಮ ಓಣಿಯಿಂದ ಸಂತೆಗೆ ಹೊರಟ ಬಂಡಿಗಳದೇ ಕೆಲಸ. ಕುಕನೂರಿನ ಅಗಸಿಯಲ್ಲಿ ಹೆಂಗಸರು ಮೊರ ಹಿಡಿದು ಕಾದಿದ್ದರು. "ನಿಂದ್ರೋ ಅಣ್ಣಾ, ಆಕಿ ನಮ್ಮೂರ ಮಗಳೂ ಹೌದು" ಎಂದು ಅಲ್ಲಿಯೂ ಉಡಿ ತುಂಬಿದರು, ಇನ್ನೊಂದು ಖಣ ಕಟ್ಟಿದರು. ದುರುಗಪ್ಪ ತನ್ನ ಕುಲುಮೆ ಬಿಟ್ಟು ಬಂದು ಕರೆವ್ವನ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟ. ದಾದೇಸಾಬ ಅವನ ಬೆನ್ನು ತಟ್ಟಿದ. ಜೋಳದ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಬದುವಿಗೆ ಬಂದು, ಕುಂಕುಮದ ಬಟ್ಟಲು ಜೊತೆಗಿಲ್ಲದ್ದರಿಂದ ಹೊಲದ ಹೂವನ್ನೇ ಕಿತ್ತು ಸಿಕ್ಕಿಸಿದರು. ಭಾನಾಪುರ ದಾಟುವಷ್ಟರಲ್ಲಿ ಕರೆವ್ವನ ಕಪ್ಪು ಬಣ್ಣ ಕಾಣದಂತೆ ಖಣಗಳು ನೇತಾಡುತ್ತಿದ್ದವು. ಅಷ್ಟು ಭಾರ ಹೊತ್ತು ಅವಳಿಗೆ ಆ ನಡುಕವೇ ಬರಲಿಲ್ಲ. ಅಕ್ಕಿ ತುಂಬಿದ ಉಡಿ ಹ್ಯಾಂಡಲನ್ನು ಒತ್ತಿ ಹಿಡಿದಿತ್ತೆಂದು ನನ್ನ ಬುದ್ಧಿ ಹೇಳಿತು. ಬುದ್ಧಿಯ ಮಾತನ್ನು ನಾನು ಅಂದು ಯಾರಿಗೂ ಹೇಳಲಿಲ್ಲ. ದಾದೇಸಾಬನ ಕುತ್ತಿಗೆ ಮೈಲಿಗೊಂದು ಬೆರಳಿನಂತೆ ಎತ್ತರವಾಗುತ್ತ ಹೋಯಿತು. ಬೆಳಿಗ್ಗೆ ಗೋಳಾಡುತ್ತ ಬಂದಿದ್ದ ಮನುಷ್ಯ ಕೊಪ್ಪಳದ ಪೇಟೆಗೆ ಬೀಗನಾಗಿ ಪ್ರವೇಶಿಸಿದ.

ಹಂಪಣ್ಣ ಅಂಗಡಿಯಿಂದ ನಮ್ಮನ್ನು ಕಂಡು ಮೊದಲು ನಕ್ಕ. ಪೇಟೆಯ ಮಂದಿಯೆಲ್ಲ ಸುತ್ತ ನೆರೆದಾಗ ನಗು ಅರ್ಧವಾಯಿತು. ನಾನು ಗಂಟಲು ಸರಿಮಾಡಿಕೊಂಡು ತಾಯಿಯ ಮಾತನ್ನು ಒಪ್ಪಿಸಿದೆ: "ನಮ್ಮ ಮಗಳ್ನ ಉಡಿ ತುಂಬಿ ಕಳಸೇವಿ. ನಿಮ್ಮ ಮಗಳ್ನ ಆರತಿ ಮಾಡಿ ಒಳಗ ಕರಕೋತೀವಿ. ನಮ್ಮಾಕಿನ ತಾಸಿನ ಬಾಡಿಗಿಗೆ ಬಿಟ್ಟೀರಿ ಅಂದ್ರ ನಿಮ್ಮಾಕಿನ ನಾವು ಸಗಣಿ ಹೊರಾಕ ಹಚ್ಚತೀವಿ. ಪಂಚಮಿಗೆ ಮಗಳು ತವರಿಗೆ ಬರಬೇಕು. ಇಷ್ಟ ಹೇಳಾಕ ಹೇಳ್ಯಾಳ ನಮ್ಮವ್ವ."

"ಅಲ್ರೀ ಮಾಸ್ತರ," ಹಂಪಣ್ಣ ವಿಭೂತಿ ಅಳಿಸುವಂತೆ ಹಣೆ ಒರೆಸಿಕೊಂಡ, "ಓದಿದವರು ನೀವು. ಇದು ಕಬ್ಬಿಣ ಅಲ್ರಿ?"

ಉತ್ತರ ನಾನು ಕೊಡಬೇಕಾಗಲಿಲ್ಲ. ಅಂಗಡಿಯ ಹಿಂದಿನ ಮನೆಯಿಂದ ಅವನ ಹೆಂಡತಿ ಪಂಪಾವತಿ ತುಂಬಿದ ತಂಬಿಗೆ ಹಿಡಿದು ಹೊರಗೆ ಬಂದಿದ್ದಳು. ಕರೆವ್ವನ ಮೈಮೇಲಿನ ಖಣಗಳನ್ನು ಒಂದೊಂದಾಗಿ ನೋಡಿದಳು, ಅಕ್ಕಿ ತುಂಬಿದ ಉಡಿಯನ್ನು ನೋಡಿದಳು. "ಕಬ್ಬಿಣ ಆದ್ರ ಏನಾತು? ಇಷ್ಟ ಊರ ಹೆಣ್ಣಮಕ್ಕಳು ಉಡಿ ತುಂಬಿ ಕಳಿಸ್ಯಾರ. ಬಾಯಿಲ್ದಾಕಿ ಬಂದಾಳಂತ ಬೀದಿಗೆ ಬಿಡತೀಯೇನು? ಸರಿ ಆ ಕಡೆ" ಎಂದು ಗಂಡನನ್ನು ಮೊಣಕೈಯಿಂದ ಸರಿಸಿ, ಮುಂದಿನ ಗಾಲಿಗೆ ನೀರು ಹಾಕಿ, ಆರತಿ ಎತ್ತಿ, ಕರೆವ್ವನನ್ನು ಹೊಸ್ತಿಲು ದಾಟಿಸಿದಳು. ಪೇಟೆಯೆಲ್ಲ ಹೋ ಎಂದಿತು. ಹಂಪಣ್ಣ ವರ್ತಕ, ಸೋತದ್ದನ್ನು ಬೇಗ ಗುರುತಿಸಬಲ್ಲವನು. ತಲೆಗೆ ರುಮಾಲು ಸುತ್ತಿಕೊಂಡು ಬಂದು ದಾದೇಸಾಬನನ್ನು ಅಪ್ಪಿ, "ಊಟಕ್ಕ ಏಳ್ರಿ ಬೀಗರ" ಎಂದ.

ಮರುದಿನ ಹಸಿರು ಸೈಕಲ್ಲು ನಮ್ಮೂರಿಗೆ ಬಂದಾಗ ಅಗಸಿಯಲ್ಲಿ ಆರತಿಯ ತಟ್ಟೆಗಳು ಸಾಲಾಗಿದ್ದವು. ಪಂಪಾವತಿ ತನ್ನ ಕಡೆಯಿಂದ ಕಟ್ಟಿ ಕಳಿಸಿದ್ದ ಖಣ ಅದರ ಹ್ಯಾಂಡಲಿನಲ್ಲಿತ್ತು. ನನ್ನ ತಾಯಿ ದೀಪದ ಮುಖಕ್ಕೆ ಬೆರಳಗಲ ಕುಂಕುಮವಿಟ್ಟು, "ಬಾರವ್ವ ಹಸಿರವ್ವ, ನಿನ್ನ ಅತ್ತಿ ನಾನು, ಬಾಯಿ ಕೆಟ್ಟದ್ದು, ಮನಸ ಛಲೋ ಐತಿ" ಎಂದಳು. ದಾದೇಸಾಬ ಕೋಟು ನಾಲ್ಕು ಸಲ ಕೊಡವಿ ಪೆಟ್ಟಿಗೆ ಬಿಚ್ಚಿದ. ಬಳೆಗಳು ಇಟ್ಟಂತೆಯೇ ಇದ್ದವು. ಅವನು ತಲೆಯೆತ್ತುವಷ್ಟರಲ್ಲಿ ಅವನ ಮುಂದೆ ಕೈಗಳು ಚಾಚಿದ್ದವು: ಮುದಿ ಕೈ, ಎಳೆ ಕೈ, ಕೆಸರಿನ ಕೈ, ಹಿಟ್ಟಿನ ಕೈ, ಒಂದರ ಮೇಲೊಂದು ನೂಕಾಡಿಕೊಂಡು. ಯಾವ ಕೈಯನ್ನು ಮೊದಲು ಹಿಡಿಯಬೇಕೆಂದು ತಿಳಿಯದೆ ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಅಷ್ಟು ತುಂಬಿದ ನಗೆಯನ್ನು ನಾನು ಅವನಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ.

ಮರುವರ್ಷದ ನಾಗರಪಂಚಮಿಗೆ ಹಂಪಣ್ಣ ಮಾತು ಉಳಿಸಿಕೊಂಡ. ಹೊಲಕ್ಕೆ ಹೋಗಲು ತಾನೇ ಬಳಸುತ್ತಿದ್ದ ಕರೆವ್ವನನ್ನು ತೊಳೆದು, ಎಣ್ಣೆ ಹಚ್ಚಿ, ತಾನೇ ಹತ್ತಿಕೊಂಡು ಬಂದು ನಮ್ಮ ಕಟ್ಟೆಗೆ ಒರಗಿಸಿ, ಬೀಗನ ಬಿಗುವಿನಲ್ಲಿ ಕೂತು, ಶೇಂಗಾದ ಉಂಡಿ ಎಳ್ಳಿನ ಉಂಡಿಗಳನ್ನು ಸಾವಧಾನವಾಗಿ ಮುಗಿಸಿದ. ತವರಿಗೆ ಬಂದ ಮಗಳಿಂದ ಕೆಲಸ ಮಾಡಿಸಬಾರದೆಂಬುದು ನನ್ನ ತಾಯಿಯ ಶಾಸನ. ಮಲಾರ ಹೊರಿಸುವಂತಿಲ್ಲ, ಸಂತೆಗೆ ಒಯ್ಯುವಂತಿಲ್ಲ. ಓಣಿಯಲ್ಲಿ ಜೋಕಾಲಿ ಜೀಕಿ ದಣಿದ ಗುರುಲಿಂಗಮ್ಮ, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಬಂದವಳು, ಕೆಲಸವಿಲ್ಲದೆ ನಿಂತಿದ್ದ ಕರೆವ್ವನನ್ನು ಬಹಳ ಹೊತ್ತು ನೋಡಿ, "ದಾದೇಸಾಬಣ್ಣಾ, ಆಕಿನೂ ತವರಿಗೆ ಬಂದಾಳ, ನಾನೂ ಬಂದೀನಿ. ಇಬ್ಬರೂ ಕೂಡಿ ಒಂದ ಸುತ್ತ ಹೋಗಿ ಬರ್ಲೇನು?" ಎಂದಳು.

ಕಟ್ಟೆಯ ಮೇಲಿದ್ದ ಗಂಡಸರು ಕೆಮ್ಮಿದರು. ನಾನೂ ಕೆಮ್ಮಿರಬೇಕು. ದಾದೇಸಾಬ ಕೆಮ್ಮಲಿಲ್ಲ. ಎದ್ದ, ಆ ಕಪ್ಪು ಕೋಟನ್ನು ಕಳಚಿ ಬೇವಿನ ಕೊಂಬೆಗೆ ತೂಗುಹಾಕಿದ. ಕಚ್ಚೆ ಹಾಕಿದ ಇಳಕಲ್ಲ ಸೀರೆಯಲ್ಲಿ ನನ್ನ ತಂಗಿ ಕರೆವ್ವನನ್ನೇರಿದಳು. ಇವನು ಹಿಂದಿನಿಂದ ಕ್ಯಾರಿಯರ್ ಹಿಡಿದು, "ಮುಂದ ನೋಡ ತಂಗೆವ್ವ, ಗಾಲಿ ನೋಡಬ್ಯಾಡ, ನಾ ಹಿಡದೀನಿ" ಎಂದು ಕೂಗುತ್ತ ಓಡಿದ. ಒಂದು ಸಲ ವಾಲಿದಳು, ಎರಡು ಸಲ ವಾಲಿದಳು. ಅಗಸಿಯ ಆಚೆಯ ಬಯಲಿನಲ್ಲಿ ಅವನು ಕೈ ಬಿಟ್ಟು ನಿಂತದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಎರಡೂ ಕೈಯ ಬಳೆಗಳನ್ನು ಝಲ್ಲೆನಿಸುತ್ತ, ಸೆರಗು ಹಾರಿಸುತ್ತ, ಅವಳು ಜೋಳದ ಹೊಲಗಳ ನಡುವಿನ ಹಾದಿಯಲ್ಲಿ ಒಬ್ಬಳೇ ಹೋಗುತ್ತಿದ್ದಳು. ಜೋಕಾಲಿ ಬಿಟ್ಟು ಓಡಿಬಂದ ಹೆಣ್ಣುಮಕ್ಕಳು, "ನನಗ ಅಣ್ಣಾ, ನನ್ನ ಪಾಳಿ ಅಣ್ಣಾ" ಎಂದು ದಾದೇಸಾಬನನ್ನು ಮುತ್ತಿಕೊಂಡರು. ಸಂಜೆಯವರೆಗೂ ಅವನು ಓಡಿದ, ಹಿಡಿದ, ಬಿಟ್ಟ.

ಹಳೆಯದನ್ನು ಬಿಡಲಾರದವರು ಎಂದು ದಾದೇಸಾಬನಂಥವರನ್ನು ನಾವು ಓದಿದವರು ಆಡಿಕೊಳ್ಳುತ್ತೇವೆ. ಅವರ ಹಾಗೆ ಬಿಡಬಲ್ಲವರು ಯಾರೂ ಇಲ್ಲವೆಂದು ಈಗ ನನಗೆ ಅನಿಸುತ್ತದೆ. ಸಮಯ ಬಂದಾಗ ಅವರು ಕೈ ಬಿಡುತ್ತಾರೆ. ಬಿಡುವ ಮೊದಲು ಬಿಟ್ಟದ್ದಕ್ಕೊಂದು ಮನೆ ನೋಡುತ್ತಾರೆ, ಉಡಿ ತುಂಬುತ್ತಾರೆ, ಮತ್ತೆ ಬರುವ ಹಬ್ಬವನ್ನು ನಿಶ್ಚಯಿಸಿಕೊಳ್ಳುತ್ತಾರೆ. ನಾವು ಹಳೆಯದನ್ನು ಅಟ್ಟಕ್ಕೆಸೆದು ಹೊಸದಕ್ಕೆ ಒಡೆಯರಾಗುತ್ತೇವೆ. ಅಂಥವರು ಯಾವುದಕ್ಕೂ ಒಡೆಯರಾಗುವುದಿಲ್ಲ, ಊರೂರಿಗೂ ಬೀಗರಾಗುತ್ತ ಹೋಗುತ್ತಾರೆ.